ಡಿಫ್ರಾಗ್ ಅರ್ಧಕ್ಕೆ ನಿಂತಾಗ ನಾನು ಹಿಡಿಯುವ ದಾರಿ

ಹಾರ್ಡ್ ಡಿಸ್ಕಿನಲ್ಲಿ ತುಂಡುತುಂಡಾಗಿ ಹರಡಿದ ಫೈಲುಗಳನ್ನು ಒಂದೆಡೆ ಜೋಡಿಸುವ ವಿಂಡೋಸ್ ಸಾಧನ ಡಿಫ್ರಾಗ್. ಅದು ಅರ್ಧಕ್ಕೆ ನಿಂತರೆ ಅದನ್ನೇ ಮತ್ತೊಮ್ಮೆ ಓಡಿಸುವವರು ಬಹಳ. ನಾನು ಹಾಗೆ ಮಾಡುವುದಿಲ್ಲ. ಗಂಟೆಗಟ್ಟಲೆ ಓದಿ ಬರೆಯುವ ಕೆಲಸ ಅದು. ಈಗಾಗಲೇ ಸೊರಗಿರುವ ಹಾರ್ಡ್ ಡಿಸ್ಕ್ ಆ ಹೊರೆಗೇ ಕೈಕೊಡಬಹುದು. ಆದ್ದರಿಂದ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಡಿಸ್ಕ್ ಪರೀಕ್ಷಾ ಸಾಧನ ತೆರೆದು ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಪಟ್ಟಿಯ ಮೂರು ಸಾಲು ನೋಡುತ್ತೇನೆ: 05, ಸಿ5, ಸಿ6. ಮೊದಲನೆಯದು ಬದಲಿ ಜಾಗಕ್ಕೆ ಸಾಗಿಸಿದ ಕೆಟ್ಟ ಸೆಕ್ಟರುಗಳ (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳ) ಎಣಿಕೆ, ಎರಡನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವವು, ಮೂರನೆಯದು ಸರಿಪಡಿಸಲಾಗದವು. ಸಿ5ರ ಕಚ್ಚಾ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಡಿಫ್ರಾಗ್ ಮಾತೇ ಇಲ್ಲ, ಫೈಲ್ ವ್ಯವಸ್ಥೆಯ ತಪ್ಪು ತಿದ್ದುವ ಚೆಕ್‌ಡಿಸ್ಕ್ ಕೂಡ ಬೇಡ. ಮೊದಲು ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ವಿಭಾಗದಲ್ಲಿ ಡಿಸ್ಕ್ ಹೆಸರಿನ 7 ಅಥವಾ 153ನೇ ಸಂಖ್ಯೆಯ ದಾಖಲೆಗಳು ಸಾಲುಗಟ್ಟಿದ್ದರೂ ನಾನು ಡಿಸ್ಕಿನ ಮೇಲೆ, ಇಲ್ಲವೇ ಅದರ ಕೇಬಲ್ ಮೇಲೆ ಅನುಮಾನಪಡುತ್ತೇನೆ.

ಡಿಸ್ಕ್ ಗಟ್ಟಿಯಿದೆ ಎಂದಾದ ಮೇಲೆ ಫೈಲ್ ವ್ಯವಸ್ಥೆಯ ಸರದಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಸಿ:’ ಕೊಟ್ಟರೆ ಡ್ರೈವಿಗೆ ‘ಕೊಳೆ’ ಗುರುತು (ಫೈಲ್ ವ್ಯವಸ್ಥೆಯಲ್ಲಿ ತಪ್ಪಿರಬಹುದೆಂಬ ಸೂಚನೆ) ಬಿದ್ದಿದೆಯೇ ಗೊತ್ತಾಗುತ್ತದೆ. ಬಿದ್ದಿದ್ದರೆ ‘ಚೆಕ್‌ಡಿಸ್ಕ್ ಸಿ: /ಎಫ್’ ಕೊಟ್ಟು ರೀಸ್ಟಾರ್ಟ್. /ಆರ್ ಪ್ರತಿ ಸೆಕ್ಟರನ್ನೂ ಓದುವುದರಿಂದ ಬಹಳ ಹೊತ್ತು ತಿನ್ನುತ್ತದೆ. ಕಾರಣವಿಲ್ಲದೆ ಅದನ್ನು ಹಚ್ಚುವುದಿಲ್ಲ.

ಇನ್ನು ಖಾಲಿ ಜಾಗ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಫ್ರಾಗ್ ಶೇ. 15ರಷ್ಟು ಖಾಲಿ ಇರಬೇಕೆಂದು ಕೇಳುತ್ತಿತ್ತು. ನಾನು ಈಗಲೂ ಅದೇ ಲೆಕ್ಕ ಇಟ್ಟುಕೊಂಡಿದ್ದೇನೆ: 500 ಜಿಬಿ ಡ್ರೈವಿನಲ್ಲಿ 75 ಜಿಬಿ. ಒಟ್ಟು ಜಾಗವೊಂದೇ ಸಾಲದು, ಅದು ಒಟ್ಟಾಗಿಯೂ ಇರಬೇಕು. 8 ಜಿಬಿ ಫೈಲನ್ನು ಒಂದೇ ತುಂಡಾಗಿ ಇಡಲು 8 ಜಿಬಿಯಷ್ಟು ಅಖಂಡ ಜಾಗ ಬೇಕು. ಖಾಲಿ ಜಾಗವೇ ಚೂರುಚೂರಾಗಿದ್ದರೆ ಡಿಫ್ರಾಗ್ ಸುಮ್ಮನೆ ಸುತ್ತುತ್ತಿರುತ್ತದೆ. ಆಗ ಮೊದಲು ‘ಡಿಫ್ರಾಗ್ ಸಿ: /ಎಕ್ಸ್ /ಯು /ವಿ’ ಓಡಿಸಿ ಖಾಲಿ ಜಾಗವನ್ನು ಒಗ್ಗೂಡಿಸುತ್ತೇನೆ, ನಂತರ ಮಾಮೂಲಿ ಡಿಫ್ರಾಗ್. ಒಂದು ಸುತ್ತು ಮುಗಿದು ಶೇಕಡಾ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾದರೆ ಗಾಬರಿ ಬೇಡ. ಈ ಕೆಲಸ ಹಲವು ಸುತ್ತುಗಳಲ್ಲಿ ನಡೆಯುವುದೇ ಹೀಗೆ.

ಇಷ್ಟಾದರೂ ಜಗ್ಗದಿದ್ದರೆ ಅಡ್ಡ ಕುಳಿತಿರುವುದು ಕದಲಿಸಲಾಗದ ಫೈಲುಗಳು: ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಫೈಲ್), ಹೈಬರ್ನೇಶನ್ ಫೈಲ್ (ಯಂತ್ರವನ್ನು ಮಲಗಿಸುವಾಗ ಮೆಮೊರಿ ಉಳಿಸಿಡುವ ಫೈಲ್), ರಿಸ್ಟೋರ್ ಪಾಯಿಂಟುಗಳ (ವಿಂಡೋಸ್ ಹಿಂದಿನ ಸ್ಥಿತಿಗೆ ಮರಳಲು ಇಡುವ ಗುರುತುಗಳ) ನೆರಳು ಪ್ರತಿಗಳು. ವಿಂಡೋಸ್ ನಡೆಯುತ್ತಿರುವಾಗ ಇವನ್ನು ಸರಿಸಲು ಬರುವುದಿಲ್ಲ, ಆದರೆ ಮೊದಲೆರಡನ್ನು ತಾತ್ಕಾಲಿಕವಾಗಿ ಅಳಿಸಬಹುದು. ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದರೆ ಹೈಬರ್ನೇಶನ್ ಫೈಲ್ ಹೋಗುತ್ತದೆ. ವರ್ಚುವಲ್ ಮೆಮೊರಿ ಸೆಟ್ಟಿಂಗಿನಲ್ಲಿ ಪೇಜ್‌ಫೈಲ್ ಬೇಡವೆಂದು ಹೇಳಿ ರೀಸ್ಟಾರ್ಟ್ ಮಾಡಿ, ಬೇರೇನನ್ನೂ ತೆರೆಯದೆ ಡಿಫ್ರಾಗ್ ಓಡಿಸುತ್ತೇನೆ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಈ ಹೊತ್ತಿಗೆ ಬ್ರೌಸರ್ ತೆರೆದರೆ ಮೆಮೊರಿ ಸಾಲದೆ ಎಲ್ಲವೂ ಬಿಗಿದುಕೊಳ್ಳುತ್ತದೆ. ಮುಗಿದ ಮೇಲೆ ಪೇಜ್‌ಫೈಲನ್ನು ಆರಂಭದ ಮತ್ತು ಗರಿಷ್ಠ ಅಳತೆ ಎರಡೂ ಒಂದೇ ಇರುವಂತೆ ಮರಳಿ ಹಾಕಬೇಕು. ಹಿಗ್ಗುತ್ತ ಕುಗ್ಗುತ್ತ ಹೋಗುವ ಪೇಜ್‌ಫೈಲ್ ಮತ್ತೆ ತುಂಡಾಗುತ್ತದೆ. ಹೈಬರ್ನೇಶನ್ನಿಗೆ ಅದೇ ಆದೇಶ, ಕೊನೆಗೆ ‘ಆನ್’.

ನೆರಳು ಪ್ರತಿಗಳದ್ದು ಬೇರೆಯೇ ತಕರಾರು. ಅವುಗಳ ಲೆಕ್ಕ 16 ಕೆಬಿ ತುಂಡುಗಳಲ್ಲಿ, ವಿಂಡೋಸ್ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಮಾಮೂಲಿ ಕ್ಲಸ್ಟರ್ (ಜಾಗ ಹಂಚುವ ಅತಿ ಚಿಕ್ಕ ಘಟಕ) 4 ಕೆಬಿ. ಡಿಫ್ರಾಗ್ ಒಂದು ಫೈಲನ್ನು ಬರೀ ಜಾಗ ಬದಲಿಸಿದರೂ ಅದು ಬದಲಾದ ದತ್ತಾಂಶ ಎಂದೇ ದಾಖಲಾಗಬಹುದು. ಹೀಗೆ ಮೀಸಲು ಜಾಗ ತುಂಬಿ ಹಳೆಯ ರಿಸ್ಟೋರ್ ಪಾಯಿಂಟುಗಳು ಸದ್ದಿಲ್ಲದೆ ಅಳಿದುಹೋಗುತ್ತವೆ. ಅವುಗಳನ್ನು ನಂಬಿಕೊಂಡವರು ಮೊದಲೇ ಪೂರ್ಣ ಬ್ಯಾಕಪ್ ತೆಗೆಯುವುದು ಒಳ್ಳೆಯದು.

ಫೈಲ್ ನೂರು ತುಂಡಾಗಿದ್ದರೂ ವರದಿ ‘ಶೇ. 0’ ಎನ್ನುತ್ತದೆಂಬ ದೂರೂ ಉಂಟು. 64 ಎಂಬಿಗಿಂತ ದೊಡ್ಡ ತುಂಡುಗಳನ್ನು ಡಿಫ್ರಾಗ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಡಿಫ್ರಾಗ್ ಸಿ: /ಎ /ವಿ’ ವರದಿಯ ಕೊನೆಯಲ್ಲಿ ಅದನ್ನೇ ಬರೆದಿರುತ್ತದೆ. 64 ಎಂಬಿಯಷ್ಟನ್ನು ಓದಲು ಡಿಸ್ಕಿಗೆ ಅರ್ಧ ಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಮುಂದಿನ ತುಂಡಿಗೆ ಡಿಸ್ಕಿನ ಓದುವ ಹೆಡ್ ಜಿಗಿಯಲು ಕೆಲವೇ ಮಿಲಿಸೆಕೆಂಡ್. ಜೋಡಿಸಿದರೂ ವೇಗ ಹೆಚ್ಚುವುದಿಲ್ಲ. ಸುಮ್ಮನೆ ಬಿಟ್ಟುಬಿಡಿ.

ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡ್ರೈವ್) ಇದ್ದರೆ ಈ ಡಿಫ್ರಾಗ್ ಕಸರತ್ತು ಯಾವುದೂ ಬೇಡ, ಅದಕ್ಕೆ ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಡ್ರೈವಿಗೆ ತಿಳಿಸುವುದು) ಸಾಕು: ‘ಡಿಫ್ರಾಗ್ ಸಿ: /ಎಲ್’. ಕೆಲವೊಮ್ಮೆ ವಿಂಡೋಸ್ ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಎಂದು ತೋರಿಸುತ್ತದೆ. ಆಗ ಯಂತ್ರದ ವೇಗ ಅಳೆಯುವ ‘ವಿನ್‌ಸ್ಯಾಟ್ ಫಾರ್ಮಲ್’ ಓಡಿಸಿದರೆ ಸಾಮಾನ್ಯವಾಗಿ ಗುರುತು ಸರಿಯಾಗುತ್ತದೆ. ಅದನ್ನು ಓಡಿಸುವಾಗ ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಬೇಕು.

ಕೊನೆಗೆ ಈವೆಂಟ್ ವ್ಯೂವರಿನ ಅಪ್ಲಿಕೇಶನ್ ಲಾಗ್ ನೋಡುತ್ತೇನೆ: 258ನೇ ಸಂಖ್ಯೆಯ ದಾಖಲೆ ಇದ್ದರೆ ಮುಗಿದಿದೆ, 257 ಇದ್ದರೆ ಸೋತಿದೆ, ಸೋತ ಕಾರಣದ ಕೋಡ್ ಜೊತೆಗೇ ಇರುತ್ತದೆ. ಒಂದೇ ಒಂದು ಹಟಮಾರಿ ಫೈಲ್ ಉಳಿದಿದ್ದರೆ ಇಡೀ ಡ್ರೈವನ್ನು ಮತ್ತೆ ಕಲಕುವುದಿಲ್ಲ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಾಧನಗಳ ಗುಂಪಿನ ಕಾಂಟಿಗ್ ಎಂಬ ಪುಟ್ಟ ಸಾಧನಕ್ಕೆ ಆ ಫೈಲಿನ ಹೆಸರೊಂದನ್ನೇ ಕೊಡುತ್ತೇನೆ.