ಪುಟ್ಟ ಕ್ರಿಶ್ಚಿಯನ್ ಶಾಲೆಯ ಟೆಸ್ಟ್ ವರದಿಯನ್ನು ಓದುವುದು ಹೇಗೆ?

ಅಮೆರಿಕದ ಸರ್ಕಾರಿ ಶಾಲೆಗಳು ತಮ್ಮ ರಾಜ್ಯದ ಪರೀಕ್ಷೆಗಳನ್ನು ನಡೆಸಲೇಬೇಕು. ಚರ್ಚುಗಳು ನಡೆಸುವ ಸಣ್ಣ ಖಾಸಗಿ ಶಾಲೆಗಳಿಗೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲದ ಕಾರಣ, ಅವು ಅಯೋವಾ, ಸ್ಟ್ಯಾನ್‌ಫರ್ಡ್, ಟೆರ್ರಾನೋವಾ, ಎಂಎಪಿ ಗ್ರೋತ್ ಮುಂತಾದ ಪರೀಕ್ಷೆಗಳಲ್ಲಿ ಒಂದನ್ನು ತಾವೇ ಆರಿಸಿಕೊಳ್ಳುತ್ತವೆ. ಅಂಥ ಶಾಲೆಗೆ ಮಕ್ಕಳನ್ನು ಕಳಿಸುವ ಅಲ್ಲಿನ ಕನ್ನಡ ಕುಟುಂಬಗಳ ಕೈಗೆ ಬರುವ ವರದಿಯ ಹಾಳೆಯಲ್ಲಿ ನಾಲ್ಕೈದು ಬಗೆಯ ಅಂಕಿಗಳಿರುತ್ತವೆ. ಅವನ್ನು ಒಂದು ಕ್ರಮದಲ್ಲಿ ನೋಡಿದರೆ ಗೊಂದಲ ಕಡಿಮೆ.

ಮೊದಲು ನೋಡಬೇಕಾದದ್ದು ಪರ್ಸೆಂಟೈಲ್. 62 ಎಂದಿದ್ದರೆ ಮಗು ನೂರಕ್ಕೆ 62 ಅಂಕ ಪಡೆದಿದೆ ಎಂದಲ್ಲ, ಹೋಲಿಕೆಯ ಗುಂಪಿನಲ್ಲಿ ಶೇಕಡ 62ರಷ್ಟು ಮಕ್ಕಳಿಗಿಂತ ಮುಂದಿದೆ ಎಂದು. ಜೆಇಇ ಮೇನ್‌ನ ಪರ್ಸೆಂಟೈಲ್ ಕಂಡವರಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಹೋಲಿಕೆ ಆ ಸರದಿಯಲ್ಲಿ ಪರೀಕ್ಷೆ ಬರೆದವರ ಜೊತೆಗಾದರೆ, ಇಲ್ಲಿ ಹಿಂದೊಮ್ಮೆ ದೇಶದಾದ್ಯಂತ ಆಯ್ದು ಪರೀಕ್ಷಿಸಿದ ಅದೇ ತರಗತಿಯ ಮಕ್ಕಳ ಜೊತೆ. ಕೆಲವು ವರದಿಗಳಲ್ಲಿ ಖಾಸಗಿ ಶಾಲೆಗಳ ಮಕ್ಕಳೊಂದಿಗಿನ ಹೋಲಿಕೆಯೂ ಬೇರೊಂದು ಸಾಲಿನಲ್ಲಿ ಇರುವುದರಿಂದ, ಯಾವ ಗುಂಪು, ಯಾವ ವರ್ಷದ್ದು ಎಂಬುದನ್ನು ಮೊದಲೇ ಗಮನಿಸಬೇಕು. ಕಳೆದ ವರ್ಷವೂ 62, ಈ ವರ್ಷವೂ 62 ಎಂದರೆ ಮಗು ನಿಂತಲ್ಲೇ ನಿಂತಿದೆ ಎಂದು ಬೇಸರಪಡಬೇಕಿಲ್ಲ. ಓರಗೆಯವರು ಒಂದು ವರ್ಷದಲ್ಲಿ ಕಲಿತಷ್ಟನ್ನು ಅದೂ ಕಲಿತಿದೆ.

ಮುಂದೆ ಸ್ಟೆನೈನ್. ಇದು 1ರಿಂದ 9ರವರೆಗಿನ ಒರಟು ಅಳತೆ. 4, 5, 6 ಸಾಧಾರಣ ಮಟ್ಟ, ಅಂದರೆ ಸುಮಾರು 23ರಿಂದ 76ರವರೆಗಿನ ಪರ್ಸೆಂಟೈಲ್. ಒಂದೆರಡು ಪ್ರಶ್ನೆಗಳ ಏರುಪೇರಿಗೇ ಪರ್ಸೆಂಟೈಲ್ ನಡುಮಟ್ಟದಲ್ಲಿ ಸಾಕಷ್ಟು ಜಿಗಿಯುವುದರಿಂದ, ಒರಟಾದ ಈ ಅಳತೆಯೇ ಎಷ್ಟೋ ಸಲ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಅಜ್ಜ ಅಜ್ಜಿಯರಿಗೆ ಫೋನಿನಲ್ಲಿ ಹೇಳಿ ಹಿಗ್ಗಲು ಎಲ್ಲರೂ ಆರಿಸಿಕೊಳ್ಳುವ ಅಂಕಿ ಗ್ರೇಡ್ ಈಕ್ವಿವಲೆಂಟ್. ತಪ್ಪುತಿಳಿವಳಿಕೆಗೆ ಹೆಚ್ಚು ಎಡೆ ಮಾಡುವುದೂ ಅದೇ. 3ನೇ ತರಗತಿಯ ಮಗುವಿಗೆ ಗಣಿತದಲ್ಲಿ 6.8 ಬಂದರೆ ಅದು 6ನೇ ತರಗತಿಯ ಗಣಿತ ಬಲ್ಲದು ಎಂದಲ್ಲ. 6ನೇ ತರಗತಿಯ ಎಂಟನೇ ತಿಂಗಳಿನಲ್ಲಿರುವ ಸಾಧಾರಣ ವಿದ್ಯಾರ್ಥಿ ಇದೇ 3ನೇ ತರಗತಿಯ ಪತ್ರಿಕೆ ಬರೆದಿದ್ದರೆ ಸುಮಾರು ಇಷ್ಟೇ ಅಂಕ ಪಡೆಯುತ್ತಿದ್ದ ಎಂಬ ಅಂದಾಜು ಮಾತ್ರ.

ಇನ್ನು ತರಗತಿಯ ಫಲಿತಾಂಶ. ಸಣ್ಣ ಶಾಲೆಯಲ್ಲಿ ಎಚ್ಚರ ಬೇಕಾದದ್ದು ಇಲ್ಲಿಯೇ. ಒಂಬತ್ತು ಮಕ್ಕಳ ತರಗತಿಯೊಂದರಲ್ಲಿ ಪರ್ಸೆಂಟೈಲ್‌ಗಳು 22, 35, 48, 55, 61, 66, 74, 83, 91 ಎಂದಿಟ್ಟುಕೊಳ್ಳೋಣ; ನಡುವಿನ ಅಂಕಿ 61. ಮರುವರ್ಷ 91ರ ಮಗು ಬೇರೆ ಊರಿಗೆ ಹೋಗಿ, 18 ಪಡೆಯುವ ಹೊಸ ಮಗು ಸೇರಿತು, ಉಳಿದವರು ಇದ್ದಲ್ಲೇ ಇದ್ದಾರೆ ಎಂದರೆ ನಡುವಿನ ಅಂಕಿ 55ಕ್ಕೆ ಇಳಿಯುತ್ತದೆ. ಪಾಠ ಕೆಟ್ಟಿಲ್ಲ, ಶಿಕ್ಷಕಿ ಬದಲಾಗಿಲ್ಲ. ಪ್ರವೇಶಾತಿಯ ಕರಪತ್ರದಲ್ಲಿ ಶಾಲೆ ಹಾಕಿಕೊಳ್ಳುವ ಸರಾಸರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಪರ್ಸೆಂಟೈಲ್‌ಗಳನ್ನು ಕೂಡಿಸಿ ಭಾಗಿಸುವುದಂತೂ ಸರಿಯಾದ ಲೆಕ್ಕವೇ ಅಲ್ಲ, ಏಕೆಂದರೆ ಅವುಗಳ ನಡುವಿನ ಅಂತರಗಳು ಸಮನಾಗಿರುವುದಿಲ್ಲ.

ಉಪವಿಷಯಗಳ ಕೋಷ್ಟಕಕ್ಕೆ ಬಂದಾಗ ಪ್ರಶ್ನೆಗಳ ಸಂಖ್ಯೆಯನ್ನು ಮರೆಯದೆ ನೋಡಿ. ಭಿನ್ನರಾಶಿಯ ಮೇಲೆ ನಾಲ್ಕೇ ಪ್ರಶ್ನೆಗಳಿದ್ದು ಎರಡು ಸರಿಯಾದರೆ ಹಾಳೆಯಲ್ಲಿ ಶೇಕಡ 50 ಎಂದಿರುತ್ತದೆ, ಅಷ್ಟರಿಂದ ಏನನ್ನೂ ನಿರ್ಧರಿಸಲಾಗದು. ಇಂಥ ಶಾಲೆಗಳು ತಮ್ಮದೇ ಪಠ್ಯಪುಸ್ತಕಗಳನ್ನು ಆರಿಸುವುದರಿಂದ, ಕೆಲವೆಡೆ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದರಿಂದ, ಪರೀಕ್ಷೆ ಕೇಳಿದ ಪಾಠವನ್ನು ಇನ್ನೂ ಕಲಿಸಿರದಿರಲೂಬಹುದು. ಬೈಬಲ್ ತರಗತಿಯ ಕಲಿಕೆ ಅಯೋವಾ, ಸ್ಟ್ಯಾನ್‌ಫರ್ಡ್ ಪರೀಕ್ಷೆಗಳ ವ್ಯಾಪ್ತಿಯಲ್ಲೇ ಇಲ್ಲ.

ಕೊನೆಗೆ, ಶಿಕ್ಷಕರನ್ನು ಭೇಟಿಯಾಗುವಾಗ ಎರಡು ಮೂರು ವರ್ಷದ ವರದಿಗಳನ್ನು ಒಟ್ಟಿಗೆ ಕೊಂಡೊಯ್ದು ಹೀಗೆ ಕೇಳಿ: ವಸಂತದಲ್ಲಿ ಬರೆದ ಪರೀಕ್ಷೆಯನ್ನು ವಸಂತದ ಗುಂಪಿನೊಂದಿಗೇ ಹೋಲಿಸಿದ್ದೀರಾ? ಆ ದಿನ ಮಗುವಿಗೆ ಹುಷಾರಿತ್ತೇ? ಕಡಿಮೆ ಬಂದ ಭಾಗ ತರಗತಿಯ ನೋಟ್‌ಪುಸ್ತಕದಲ್ಲೂ ಕಡಿಮೆಯೇ ಕಾಣುತ್ತದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ, ಮನೆಯಲ್ಲಿ ಅಭ್ಯಾಸ ಶುರುಮಾಡಬೇಕಾದದ್ದು ಆ ಪಾಠದಿಂದ.