ಡಂಪ್ ಫೈಲಿನೊಳಗೆ ಕೂತ ವಾರ್ನಿಂಗ್: 2>&1 ಎಲ್ಲಿ ಬೇಕು, ಎಲ್ಲಿ ಬೇಡ

ಬ್ಯಾಕಪ್ ಸ್ಕ್ರಿಪ್ಟ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು 2>&1 ಅನ್ನು, ಅಂದರೆ ಎರರ್ ಸಂದೇಶಗಳನ್ನೂ ಔಟ್‌ಪುಟ್ ಹೋಗುವಲ್ಲಿಗೇ ಕಳಿಸುವ ಗುರುತನ್ನು. ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಫೈಲಿಗೆ ಇಳಿಸುವ ಮೈಎಸ್‌ಕ್ಯೂಎಲ್‌ಡಂಪ್ ಸಾಲಿನ ಕೊನೆಗೂ ರೂಢಿಯ ಮೇಲೆ ‘> ಡಂಪ್.ಎಸ್‌ಕ್ಯೂಎಲ್ 2>&1’ ಎಂದು ಬರೆದಿರುತ್ತಾರೆ. ಪಾಸ್‌ವರ್ಡನ್ನು ಕಮಾಂಡಿನಲ್ಲೇ ಕೊಟ್ಟಿದ್ದರೆ, ಅದು ಸುರಕ್ಷಿತವಲ್ಲ ಎಂಬ ವಾರ್ನಿಂಗ್ ಬರುತ್ತದಲ್ಲ, ಅದು ಡಂಪ್ ಫೈಲಿನ ಮೊದಲ ಸಾಲಾಗಿ ಕೂತುಬಿಡುತ್ತದೆ. ಬ್ಯಾಕಪ್ ಸಲೀಸಾಗಿ ಮುಗಿಯುತ್ತದೆ. ರಿಸ್ಟೋರ್ ಮಾಡುವ ದಿನ ಒಂದನೇ ಸಾಲಿಗೇ 1064, ಸಿಂಟ್ಯಾಕ್ಸ್ ಎರರ್. ಆ ಸಾಲನ್ನು ಅಳಿಸಿದರೆ ಸಾಮಾನ್ಯವಾಗಿ ಫೈಲ್ ಉಳಿಯುತ್ತದೆ, ಆದರೆ ಮಧ್ಯದಲ್ಲೂ ಇನ್ನೊಂದು ಎರರ್ ಸೇರಿಕೊಂಡಿದೆಯೇ ಎಂದು ನೋಡಲೇಬೇಕು.

ಹಾಗಾಗಿ ಡೇಟಾ ಬರುವ ಕಡೆ ಔಟ್‌ಪುಟ್, ಎರರ್ ಎರಡನ್ನೂ ನಾನು ಬೇರೆ ಇಡುತ್ತೇನೆ: ‘> ಡಂಪ್.ಎಸ್‌ಕ್ಯೂಎಲ್ 2>> ಬ್ಯಾಕಪ್.ಎರರ್’. ಔಟ್‌ಪುಟ್ 1, ಎರರ್ 2. ಬರೀ > ಅಂದರೆ 1>. 2 ಮತ್ತು > ನಡುವೆ ಸ್ಪೇಸ್ ಬಿಡಬೇಡಿ. ಬಿಟ್ಟರೆ ಆ 2 ಕಮಾಂಡಿಗೆ ಆರ್ಗ್ಯುಮೆಂಟ್ ಆಗುತ್ತದೆ.

ಎರಡನ್ನೂ ಒಂದೇ ಲಾಗಿಗೆ ಹಾಕುವಾಗ ಕ್ರಮ ಮುಖ್ಯ. ಕಮಾಂಡುಗಳನ್ನು ಓದಿ ಓಡಿಸುವ ಶೆಲ್ ಎಡದಿಂದ ಬಲಕ್ಕೆ ಓದುತ್ತದೆ. 2>&1 ಎಂದರೆ 2 ಅನ್ನು 1ಕ್ಕೆ ಕಟ್ಟಿಹಾಕುವುದಲ್ಲ; ಆ ಕ್ಷಣಕ್ಕೆ 1 ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಗೆ 2 ಅನ್ನೂ ಕಳಿಸುವುದು. ‘> ಲಾಗ್ 2>&1’ ಬರೆದರೆ ಎರಡೂ ಲಾಗಿಗೆ. ‘2>&1 > ಲಾಗ್’ ಬರೆದರೆ 2ಕ್ಕೆ ಸಿಕ್ಕಿದ್ದು ಸ್ಕ್ರೀನ್, ಆಮೇಲೆ 1 ಒಂದೇ ಲಾಗಿಗೆ ಹೋಯಿತು. ‘> ಲಾಗ್ 2> ಲಾಗ್’ ಇನ್ನೂ ಕೆಟ್ಟದ್ದು: ಒಂದೇ ಫೈಲ್ ಎರಡು ಸಲ ತೆರೆದುಕೊಂಡು, ಒಂದು ಬರೆದದ್ದರ ಮೇಲೆ ಇನ್ನೊಂದು ಬರೆಯುತ್ತದೆ.

ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ, ಎರಡನ್ನೂ ಒಟ್ಟಿಗೆ ಕಳಿಸುವ &> ಬಳಸಲೇಬೇಡಿ. ಅದು ಬ್ಯಾಶ್ ಎಂಬ ಶೆಲ್‌ನದು. ಕ್ರಾನ್ ಓಡಿಸುವುದು /ಬಿನ್/ಎಸ್‌ಎಚ್. ಡೆಬಿಯನ್, ಉಬುಂಟುಗಳಲ್ಲಿ ಅದು ಡ್ಯಾಶ್ ಎಂಬ ಬೇರೆ ಶೆಲ್. ಡ್ಯಾಶ್ ಅದನ್ನು & ಮತ್ತು > ಎಂದು ಬಿಡಿಸಿ ಓದುತ್ತದೆ: ಕಮಾಂಡ್ ಬ್ಯಾಕ್‌ಗ್ರೌಂಡಿಗೆ, ಲಾಗ್ ಫೈಲ್ ಖಾಲಿ. ಬರೆದದ್ದು ತಪ್ಪು ಎಂಬ ಎರರ್ ಕೂಡ ತೋರಿಸುವುದಿಲ್ಲ.

> ಕಂಡಾಗ ಫೈಲ್ ತೆರೆದು ಖಾಲಿ ಮಾಡುವುದು ಶೆಲ್, ಅದೂ ಕಮಾಂಡ್ ಶುರುವಾಗುವ ಮುಂಚೆ. ‘ಸಾರ್ಟ್ ಪಟ್ಟಿ > ಪಟ್ಟಿ’ ಎಂದರೆ ಪಟ್ಟಿ ಮಾಯವಾಗುವುದು ಇದಕ್ಕೇ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಹಾಕಿದರೂ ಪರ್ಮಿಷನ್ ಡಿನೈಡ್ ಬರುವುದೂ ಇದಕ್ಕೇ, ಆ ಅಧಿಕಾರ ಶೆಲ್‌ಗೆ ಸಿಗುವುದಿಲ್ಲ; ಅಲ್ಲಿ ಫೈಲಿನ ಕೊನೆಗೆ ಬರೆಯಲು ‘| ಸುಡೋ ಟೀ -ಎ’ ಬೇಕು.

ಡಂಪನ್ನು ಕುಗ್ಗಿಸಲು ‘|’ ಹಾಕಿ ಜಿಜಿಪ್‌ಗೆ ಪೈಪ್ ಮಾಡಿದರೆ ಎರರ್ ಪೈಪಿನಲ್ಲಿ ಹೋಗುವುದಿಲ್ಲ, ಅದು ಒಳ್ಳೆಯದೇ. ಆದರೆ ಕಮಾಂಡ್ ಗೆದ್ದಿತೋ ಸೋತಿತೋ ತಿಳಿಸುವ $? (ಸೊನ್ನೆ ಎಂದರೆ ಗೆದ್ದಿತು) ಇಲ್ಲಿ ಹೇಳುವುದು ಜಿಜಿಪ್‌ನ ಕಥೆ, ಡಂಪ್‌ನದಲ್ಲ. ಬ್ಯಾಶ್ ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ, ಪೈಪಿನಲ್ಲಿ ಯಾವುದು ಸೋತರೂ ತಿಳಿಸುವ ‘ಸೆಟ್ -ಓ ಪೈಪ್‌ಫೇಲ್’ ಹಾಕಿ, ಒಮ್ಮೆ ಇಲ್ಲದ ಡೇಟಾಬೇಸ್ ಹೆಸರು ಕೊಟ್ಟು ಓಡಿಸಿ, $? ಸೊನ್ನೆ ಅಲ್ಲ, ಎರರ್ ಫೈಲಿನಲ್ಲಿ ಸಾಲು ಬಿದ್ದಿದೆ ಎಂದು ನೋಡಿದ ಮೇಲೆಯೇ ನಾನು ಕ್ರಾನ್‌ಗೆ ಹಾಕುವುದು.