ಹಳೇ ಕಾಂಬೋ ಆಂಪ್‌ಗೆ ಹೊಸ ಸ್ಪೀಕರ್: ನನ್ನ ಅನುಭವ

ಕಾಂಬೋ ಅಂದ್ರೆ ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರೋ ಆಂಪ್. ಗಿಟಾರ್ ಆಂಪ್‌ನ ಸೌಂಡ್ ನಿಜವಾಗಿ ಬದಲಾಗಬೇಕು ಅಂದ್ರೆ ಮೊದಲು ಸ್ಪೀಕರ್ ಬದಲಾಯಿಸಿ. ಪೆಡಲ್, ವಾಲ್ವ್ (ಆಂಪ್‌ನೊಳಗಿನ ಗಾಜಿನ ಟ್ಯೂಬ್) ಎಲ್ಲ ಆಮೇಲೆ.

ನನ್ನದು 1990ರ ದಶಕದ ಫೆಂಡರ್ ಹಾಟ್ ರಾಡ್ ಡಿವಿಲ್ 212. 60 ವ್ಯಾಟ್‌ನ ವಾಲ್ವ್ ಆಂಪ್, 12 ಇಂಚಿನ ಎರಡು ಸ್ಪೀಕರ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನವರು ಯಾವಾಗಲೋ ಬೇರೆ ಸ್ಪೀಕರ್ ಹಾಕಿಸಿದ್ದರು. ನಾನು ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಸಿನಿಮಾ ಹಾಡಿನ ಕಾರ್ಡ್ಸ್‌ಗೆ ಪರವಾಗಿರಲಿಲ್ಲ. ಆದರೆ ಲೀಡ್, ಅಂದರೆ ಒಂಟಿ ಸ್ವರಗಳ ಸೋಲೋ, ಶುರು ಮಾಡಿದರೆ ಮೇಲಿನ ತಂತಿಗಳು ಕಿವಿಗೆ ಚುಚ್ಚುತ್ತಿದ್ದವು, ಟ್ರೆಬಲ್ ಇಳಿಸಿದರೆ ಇಡೀ ಸೌಂಡೇ ಮಂಕಾಗುತ್ತಿತ್ತು. ಆಂಪ್ ಆಫ್ ಮಾಡಿ ಎರಡೂ ಕೈಬೆರಳಿಂದ ಸ್ಪೀಕರ್‌ಗಳ ಕೋನನ್ನು (ಅದುರುವ ಕಾಗದದ ಭಾಗ) ಸಮವಾಗಿ, ಮೆತ್ತಗೆ ಒತ್ತಿ ನೋಡಿದೆ. ಒಂದರಲ್ಲಿ ಕರಕರ ಸದ್ದು. ಕೋನ್‌ಗೆ ಅಂಟಿದ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಉಜ್ಜುತ್ತಿದೆ ಅಂತ ಅರ್ಥ. ಅಪರೂಪದ ಸ್ಪೀಕರ್ ಆಗಿದ್ದರೆ ಕೋನ್ ಬದಲಾಯಿಸಿಕೊಂಡು ಉಳಿಸುತ್ತಿದ್ದೆ, ಆದರೆ ಇದರ ಸೌಂಡೇ ನನಗೆ ಬೇಡವಾಗಿತ್ತು.

ಆಯ್ಕೆ ಮಾಡುವಾಗ ಎಲ್ಲರೂ ವ್ಯಾಟ್ ಕೇಳುತ್ತಾರೆ. ಅದು ಬೇಕು, ಆದರೆ ಓಮ್, ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ, ಅದಕ್ಕಿಂತ ಮುಖ್ಯ. ಈ ಆಂಪ್‌ನಲ್ಲಿ 8 ಓಮ್‌ನ ಎರಡು ಸ್ಪೀಕರ್ ಪ್ಯಾರಲಲ್ ಆಗಿ ಸೇರಿ 4 ಓಮ್ ಆಗುತ್ತವೆ, ವಾಲ್ವ್‌ಗಳನ್ನು ಸ್ಪೀಕರ್‌ಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಬೇಕಾಗಿರೋದು ಅದೇ. ಇನ್ನೊಂದು ಡಿಬಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರಾಗಿ ಕೇಳುತ್ತದೆ ಅನ್ನೋ ಲೆಕ್ಕ. ಸೆಲೆಶನ್ ಕಂಪನಿಯ ವಿಂಟೇಜ್ 30 ಸ್ಪೀಕರ್‌ಗೆ ಅದು 100. ಅದೇ ಕಂಪನಿಯ ಜಿ12ಎಂ-65 ಕ್ರೀಮ್‌ಬ್ಯಾಕ್‌ಗೆ 97. ಮೂರೇ ಅಲ್ವಾ ಅನ್ನಬೇಡಿ. 3 ಡಿಬಿ ಇಳಿದರೆ ಆಂಪ್‌ನ ವ್ಯಾಟ್ ಅರ್ಧಕ್ಕಿಳಿದ ಹಾಗೆ. ನಾವು ನುಡಿಸುವ ಸಣ್ಣ ಹಾಲ್‌ಗಳಲ್ಲಿ ವಾಲ್ಯೂಮ್ 2 ದಾಟಿಸೋಕೇ ಆಗುತ್ತಿರಲಿಲ್ಲ, ಹಾಗಾಗಿ ಜೋರಿನದು ಬಿಟ್ಟು ಕ್ರೀಮ್‌ಬ್ಯಾಕ್ ಎರಡು ತಗೊಂಡೆ. ಒಂದೊಂದು ಬೇರೆ ಬೇರೆ ಹಾಕುವವರೂ ಇದ್ದಾರೆ. ಚೆನ್ನಾಗಿಯೂ ಕೇಳುತ್ತದೆ, ಆದರೆ ಎರಡರ ಡಿಬಿ ಹತ್ತಿರ ಇರಬೇಕು, ಇಲ್ಲದಿದ್ದರೆ ಜೋರಿನದು ಇನ್ನೊಂದನ್ನು ಮುಚ್ಚಿಬಿಡುತ್ತದೆ.

ಕೆಲಸಕ್ಕೆ ಮೊದಲು ಗೋಡೆಯ ಪ್ಲಗ್ ಕಿತ್ತು, ವಾಲ್ವ್ ತಣ್ಣಗಾಗಲು ಬಿಟ್ಟೆ. ಹಿಂದಿನ ಹಲಗೆ ಮಾತ್ರ ಬಿಚ್ಚಬೇಕು. ಚಾಸಿ (ಸರ್ಕ್ಯೂಟ್ ಇರುವ ಲೋಹದ ಚೌಕಟ್ಟು) ಮುಟ್ಟಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ವೈರ್‌ಗಳ ಫೋಟೋ ತೆಗೆದು, ಕಂಬಳಿ ಹಾಸಿ ಆಂಪನ್ನು ಮುಖ ಕೆಳಗೆ ಮಾಡಿ ಮಲಗಿಸಿದೆ, ನಟ್ ಬಿಚ್ಚಿದಾಗ ಸ್ಪೀಕರ್ ಬೀಳುವ ಭಯ ಇರಲ್ಲ. ಮ್ಯಾಗ್ನೆಟ್ ಸ್ಪ್ಯಾನರನ್ನೂ ಸ್ಕ್ರೂಡ್ರೈವರನ್ನೂ ಫಕ್ಕನೆ ಎಳೆದುಕೊಳ್ಳುತ್ತದೆ. ಕೈ ಜಾರಿದರೆ ಕೋನ್ ತೂತು. ಅದಕ್ಕೇ ಒಂದು ರಟ್ಟು ಅಡ್ಡ ಹಿಡಿದುಕೊಂಡೇ ಕೆಲಸ ಮಾಡಿದೆ. ಹೊಸದನ್ನು ಕೂರಿಸುವಾಗ ಎದುರುಬದುರಿನ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಜಾಸ್ತಿ ಬಿಗಿದರೆ ಫ್ರೇಮ್ ಸೊಟ್ಟಗಾಗುತ್ತದೆ.

ವೈರ್ ಹಾಕಿದ ಮೇಲೆ, ಆಂಪ್‌ನಿಂದ ಕಿತ್ತಿಟ್ಟಿದ್ದ ಸ್ಪೀಕರ್ ಪ್ಲಗ್‌ಗೆ 9 ವೋಲ್ಟ್ ಬ್ಯಾಟರಿ ಒಂದು ಕ್ಷಣ ತಾಗಿಸಿದೆ. ಎರಡೂ ಕೋನ್ ಒಂದೇ ದಿಕ್ಕಿಗೆ ಕದಲಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಬೇಸ್ ಸತ್ತೇ ಹೋಗುತ್ತದೆ. ಆಮೇಲೆ ಅದೇ ಪ್ಲಗ್‌ಗೆ ಮಲ್ಟಿಮೀಟರ್. 4 ಓಮ್‌ಗಿಂತ ಸ್ವಲ್ಪ ಕಡಿಮೆ, ಮೂರೂವರೆಯ ಆಸುಪಾಸು ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ ಎಲ್ಲೋ ವೈರ್ ಬಿಟ್ಟಿದೆ, ಆಂಪ್ ಆನ್ ಮಾಡಲೇಬೇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಶುರುವಿನಲ್ಲಿ ಸೌಂಡ್ ಸ್ವಲ್ಪ ಬಿಗಿಯಾಗಿತ್ತು, ನುಡಿಸುತ್ತಾ ನುಡಿಸುತ್ತಾ ಕೋನ್ ಸಡಿಲಾಯಿತು. ಈಗ ಲೀಡ್ ದಪ್ಪಗೆ, ಹಾಡಿದ ಹಾಗೆ ಬರುತ್ತದೆ. ಟ್ರೆಬಲ್ ಇಳಿಸುವ ಕೆಲಸವೇ ಇಲ್ಲ. ವಾಲ್ಯೂಮ್ ನಾಬ್ ತಿರುಗಿಸಲು ಜಾಗವೂ ಸಿಕ್ಕಿದೆ. ಒಂದು ಮಾತು, ಆಂಪನ್ನು ನೆಲದ ಮೇಲೆ ಇಡಬೇಡಿ. ಟ್ರೆಬಲ್ ನೇರವಾಗಿ ಮುಂದಕ್ಕೆ ಹೋಗುತ್ತದೆ, ನಿಮ್ಮ ಮಂಡಿಗೆ ಬಡಿಯುತ್ತದೆ, ಕಿವಿಗೆ ಬರಲ್ಲ. ನೀವು ಸಾಲದು ಅಂತ ಏರಿಸುತ್ತಾ ಹೋದರೆ ಮೊದಲ ಸಾಲಿನಲ್ಲಿ ಕೂತವರಿಗೆ ಹಿಂಸೆ. ನಾನು ಗಟ್ಟಿ ಪೆಟ್ಟಿಗೆಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ, ನನ್ನ ಕಿವಿಗೆ ಕೇಳುವ ಹಾಗೆ ಮಾಡಿಕೊಂಡೇ ಟೋನ್ ಸೆಟ್ ಮಾಡುತ್ತೇನೆ.